ಮನೆ, ಮದ್ದು, ಜೊತೆಗೊಬ್ಬರು: ಸಂತ ಬಾಸಿಲರ ಊರಿನಿಂದ ಮಂಜೇಶ್ವರದವರೆಗೆ

ಸಮಾರಿಯದವನ ಸಾಮತಿಯನ್ನು ನಾವೆಲ್ಲ ಕ್ಯಾಟಿಕಿಸಂ ತರಗತಿಯಲ್ಲೇ ಕಲಿತವರು. ಯಾಜಕ ನೋಡಿ ದಾಟಿಹೋದ, ಲೇವಿಯನೂ ದಾಟಿಹೋದ, ಸಮಾರಿಯದವನು ಮಾತ್ರ ನಿಂತು ಗಾಯಕ್ಕೆ ಎಣ್ಣೆ ಮತ್ತು ದ್ರಾಕ್ಷಾರಸ ಹಾಕಿ ಪಟ್ಟಿ ಕಟ್ಟಿದ. ನಮ್ಮ ಯುವಜನರ ಕಿರುನಾಟಕಗಳಲ್ಲಿ ಪರದೆ ಬೀಳುವುದು ಹೆಚ್ಚಾಗಿ ಇಲ್ಲಿಯೇ. ಆದರೆ ಸಂತ ಲೂಕರು ಬರೆದ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಗಾಯಾಳುವನ್ನು ತನ್ನ ವಾಹನದ ಪಶುವಿನ ಮೇಲೆ ಕೂರಿಸಿ ಛತ್ರಕ್ಕೆ ಕರೆದೊಯ್ದ, ಅಲ್ಲಿ ಆರೈಕೆ ಮಾಡಿದ, ಮರುದಿನ ಛತ್ರದವನ ಕೈಗೆ ಎರಡು ಬೆಳ್ಳಿ ನಾಣ್ಯ ಕೊಟ್ಟು, ಹೆಚ್ಚು ಖರ್ಚಾದರೆ ಹಿಂದಿರುಗುವಾಗ ತೀರಿಸುತ್ತೇನೆ ಎಂದ. ಮದ್ದು ಒಂದು, ತಲೆಯ ಮೇಲೆ ಸೂರು ಎರಡು, ತಿರುಗಿ ಬಂದು ವಿಚಾರಿಸುವ ಮಾತು ಮೂರು. ಇವುಗಳಲ್ಲಿ ಯಾವುದೊಂದು ತಪ್ಪಿದ್ದರೂ ಆ ಮನುಷ್ಯ ಮತ್ತೆ ಜೆರಿಕೋ ದಾರಿಯಲ್ಲೇ ಬಿದ್ದಿರುತ್ತಿದ್ದನೇನೋ.

ಈ ಮೂರನ್ನು ಒಟ್ಟಿಗೆ ಇಡುವುದು ಹೇಳುವಷ್ಟು ಸುಲಭವಲ್ಲ. ರಸ್ತೆ ಬದಿಯಲ್ಲಿ ಬಿದ್ದವರನ್ನು ಆಂಬುಲೆನ್ಸ್ ಕರೆಸಿ ಆಸ್ಪತ್ರೆಗೆ ಸೇರಿಸುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಹತ್ತು ದಿನ ಕಳೆದು ಡಾಕ್ಟರು ‘ಡಿಸ್ಚಾರ್ಜ್’ ಎಂದು ಬರೆಯುತ್ತಾರೆ. ಎಲ್ಲಿಗೆ ಡಿಸ್ಚಾರ್ಜ್? ದಿನಕ್ಕೆರಡು ಸಲ ಗಾಯ ತೊಳೆಯಬೇಕು, ಊಟದ ನಂತರ ಮಾತ್ರೆ ನುಂಗಬೇಕು ಎಂದು ಚೀಟಿಯಲ್ಲಿರುತ್ತದೆ. ತೊಳೆಯಲು ನೀರಿಲ್ಲ, ನುಂಗುವ ಮುಂಚಿನ ಊಟವಿಲ್ಲ, ಚೀಟಿ ಇಡಲು ಪೆಟ್ಟಿಗೆಯಿಲ್ಲ. 2011ರ ಜನಗಣತಿಯಲ್ಲಿ ನಮ್ಮ ದೇಶದಲ್ಲಿ ಮನೆಯಿಲ್ಲದವರೆಂದು ಎಣಿಕೆಗೆ ಸಿಕ್ಕವರೇ 17 ಲಕ್ಷ 70 ಸಾವಿರಕ್ಕೂ ಹೆಚ್ಚು. ಅಂಥವರಿಗೆ ಮನೆ, ಚಿಕಿತ್ಸೆ, ಜೊತೆಯಲ್ಲಿ ನಿಲ್ಲುವ ಜನ, ಈ ಮೂರನ್ನೂ ಒಂದೇ ಕಡೆ ಒದಗಿಸಬೇಕು ಎಂಬುದನ್ನು ಇಂದು ಸಮಾಜಕಾರ್ಯದ ಪುಸ್ತಕಗಳು ಹೊಸ ವಿಚಾರವೆಂಬಂತೆ ಹೇಳುತ್ತವೆ. ಧರ್ಮಸಭೆಯ ಇತಿಹಾಸದಲ್ಲಿ ಇದಕ್ಕೆ ಸಾವಿರದ ಆರುನೂರು ವರ್ಷಗಳಿಗೂ ಮೀರಿದ ವಯಸ್ಸಿದೆ. ಅಷ್ಟು ಕಾಲದಲ್ಲಿ ಅದನ್ನು ಎಷ್ಟೋ ಸಲ ಮರೆತದ್ದೂ ಉಂಟು.

ಕಥೆ ಶುರುವಾಗುವುದು ಕಪ್ಪದೋಕ್ಯದ ಕೈಸರೈಯದಲ್ಲಿ. ಪ್ರೇಷಿತರ ಕಾರ್ಯಕಲಾಪಗಳಲ್ಲಿ ಕೊರ್ನೇಲಿಯನ ಮನೆಯಿದ್ದ ಕಡಲತಡಿಯ ಕೈಸರೈಯ ಬೇರೆ. ಇದು ಇಂದಿನ ಟರ್ಕಿಯ ನಡುಭಾಗದಲ್ಲಿರುವ ಕೈಸೇರಿ, ಸಮುದ್ರದಿಂದ ಬಹಳ ದೂರ. ಬಾಸಿಲರು ಅಲ್ಲಿನ ಸ್ಥಿತಿವಂತ ಕ್ರೈಸ್ತ ಮನೆತನದಲ್ಲಿ 330ರ ಆಸುಪಾಸಿನಲ್ಲಿ ಹುಟ್ಟಿದರು. ಅಜ್ಜಿ ಮಕ್ರೀನಾ, ಅದೇ ಹೆಸರಿನ ಅಕ್ಕ, ತಮ್ಮ ನಿಸ್ಸಾದ ಗ್ರೆಗೊರಿ ಎಲ್ಲರೂ ಸಂತರ ಪಟ್ಟಿಯಲ್ಲಿರುವವರು. ಅಥೆನ್ಸಿನಲ್ಲಿ ಓದಿ, ಊರಿಗೆ ಮರಳಿ, ಸ್ವಲ್ಪ ಕಾಲ ಪಾಠ ಹೇಳಿ, ಆಮೇಲೆ ಎಲ್ಲ ಬಿಟ್ಟು ನದೀತೀರದಲ್ಲಿ ಸನ್ಯಾಸಿಯಾಗಿ ಕುಳಿತವರು. ಅವರನ್ನು ಊರಿನ ಗದ್ದಲಕ್ಕೆ ಎಳೆದು ತಂದವುಗಳಲ್ಲಿ ಒಂದು, ಬರಗಾಲ.

369ರ ಹೊತ್ತಿಗೆ ಆ ಸೀಮೆಯಲ್ಲಿ ಭೀಕರ ಬರ ಬಿತ್ತು. ಒಳನಾಡಿನ ಊರು, ಹಡಗಿನಲ್ಲಿ ಧಾನ್ಯ ತರುವ ದಾರಿಯಿಲ್ಲ. ಕಣಜ ತುಂಬಿದ್ದವರು ಬೆಲೆ ಇನ್ನೂ ಏರಲಿ ಎಂದು ಬಾಗಿಲು ಹಾಕಿಕೊಂಡು ಕುಳಿತಿದ್ದರು. ಕಣಜ ಕೆಡವಿ ಇನ್ನೂ ದೊಡ್ಡದು ಕಟ್ಟುತ್ತೇನೆ ಎಂದ ಧನಿಕನ ಸಾಮತಿಯ ಮೇಲೆ ಬಾಸಿಲರು ಮಾಡಿದ ಪ್ರಸಂಗ ಇಂದಿಗೂ ಉಳಿದಿದೆ. ಓದಿದರೆ ಆ ಧನಿಕರು ಪೀಠದ ಮುಂದೆ ಎಷ್ಟು ಇರುಸುಮುರುಸಾಗಿ ಕುಳಿತಿದ್ದರೋ ಎಂದು ಅನಿಸುತ್ತದೆ. ಕಣಜಗಳು ತೆರೆದವು. ಹಸಿದವರನ್ನು ಒಂದೆಡೆ ಸೇರಿಸಿ, ದೊಡ್ಡ ಪಾತ್ರೆಗಳಲ್ಲಿ ಗಂಜಿಯಂಥ ಸಾರು ಬೇಯಿಸಿ, ಪವಿತ್ರ ಗುರುವಾರದ ಕ್ರಿಸ್ತರಂತೆ ಸೊಂಟಕ್ಕೆ ವಸ್ತ್ರ ಸುತ್ತಿಕೊಂಡು ಅವರೇ ಬಡಿಸಿದರೆಂದು ಅವರ ಗೆಳೆಯ ನಜಿಯಾನ್ಸದ ಗ್ರೆಗೊರಿ ಹೇಳುತ್ತಾರೆ.

ಇಷ್ಟೇ ಆಗಿದ್ದರೆ ಅದು ಒಂದು ಗಂಜಿಕೇಂದ್ರದ ಕಥೆಯಾಗುತ್ತಿತ್ತು. ಮಳೆ ಬಂದ ಮೇಲೆ ಮುಚ್ಚುವಂಥದು. ಆದರೆ ಮಳೆ ಬಂದ ಮೇಲೂ ಹೋಗಲು ಜಾಗವಿಲ್ಲದವರು ಉಳಿದೇ ಇರುತ್ತಾರೆ. 370ರಲ್ಲಿ ಧರ್ಮಾಧ್ಯಕ್ಷರಾದ ಬಾಸಿಲರು ಊರ ಹೊರಗೆ ಒಂದು ದೊಡ್ಡ ಕೆಲಸಕ್ಕೆ ಕೈ ಹಾಕಿದರು. ಸುಮ್ಮನೆ ಬಿಡುತ್ತಾರೆಯೇ? ಧರ್ಮಾಧ್ಯಕ್ಷರು ಕಟ್ಟಡ ಕಟ್ಟಿಸಿ ಸರಕಾರಕ್ಕೆ ನಷ್ಟ ಮಾಡುತ್ತಿದ್ದಾರೆ ಎಂದು ಯಾರೋ ರಾಜ್ಯಪಾಲರಾದ ಎಲಿಯಾಸರಿಗೆ ಚಾಡಿ ಹೇಳಿದರು. ನಮ್ಮ ಪುಣ್ಯಕ್ಕೆ ಬಾಸಿಲರು ಅದಕ್ಕೆ ಬರೆದ ಉತ್ತರ ಉಳಿದುಕೊಂಡಿದೆ. ಚಾಡಿ ಹೇಳಿದವರಿಲ್ಲದಿದ್ದರೆ ಅಲ್ಲಿ ಏನೇನಿತ್ತು ಎಂಬುದು ನಮಗೆ ಇಷ್ಟು ವಿವರವಾಗಿ ತಿಳಿಯುತ್ತಲೇ ಇರಲಿಲ್ಲ.

ಪತ್ರದ ಪ್ರಕಾರ ನಡುವೆ ಪ್ರಾರ್ಥನಾಲಯ, ಅದರ ಸುತ್ತ ವಾಸದ ಮನೆಗಳು. ಒಂದು ಧರ್ಮಾಧ್ಯಕ್ಷರಿಗೆ, ಉಳಿದವು ಸೇವೆಯಲ್ಲಿರುವವರಿಗೆ. ದಾರಿಹೋಕರಿಗೂ ಕಾಯಿಲೆಯವರಿಗೂ ತಂಗುವ ಮನೆಗಳು. ಅವರನ್ನು ನೋಡಿಕೊಳ್ಳಲು ದಾದಿಯರು, ವೈದ್ಯರು. ಹೊರೆ ಹೊರಲು ಪ್ರಾಣಿಗಳು, ದಾರಿಗೆ ಜೊತೆಯಾಗಲು ಜನ. ಬದುಕಿಗೆ ಬೇಕಾದ ಕಸುಬುಗಳು ಮತ್ತು ಅವನ್ನು ನಡೆಸಲು ತಕ್ಕ ಕಟ್ಟಡಗಳು. ಕೊನೆಯ ಎರಡು ಮಾತು ನನಗೆ ಬಹಳ ಮುಖ್ಯವೆನಿಸುತ್ತವೆ. ವಾಸಿಯಾದವನನ್ನು ಬಾಗಿಲಿನಿಂದಾಚೆ ಕಳಿಸಿ ಕೈತೊಳೆದುಕೊಳ್ಳುವ ಏರ್ಪಾಡು ಇದಾಗಿರಲಿಲ್ಲ. ಹೋಗುವವನ ಜೊತೆಗೆ ಆಳು, ಉಳಿಯುವವರ ನಡುವೆ ಕಸುಬು.

ಆ ಕಾಲಕ್ಕೆ ರೋಮನ್ ಸಾಮ್ರಾಜ್ಯದಲ್ಲಿ ವೈದ್ಯರು ಇರಲಿಲ್ಲವೆಂದಲ್ಲ. ದುಡ್ಡಿದ್ದವರ ಮನೆಗೆ ಬರುತ್ತಿದ್ದರು, ಸೈನಿಕರಿಗೆ ಪಾಳೆಯದಲ್ಲಿ ಚಿಕಿತ್ಸಾಲಯಗಳಿದ್ದವು. ಛತ್ರಗಳೂ ಇದ್ದವು. ಬಡವರಿಗೆ ಆಶ್ರಯ ಕೊಡುವ ಪ್ರಯತ್ನವನ್ನು ಸೆಬಸ್ತೆಯ ಧರ್ಮಾಧ್ಯಕ್ಷ ಯೂಸ್ತಾಥಿಯುಸರು ಬಾಸಿಲರಿಗಿಂತ ಮೊದಲೇ ಮಾಡಿದ್ದರು. ಹಳೆಯ ದೇವತೆಗಳ ಪೂಜೆಯನ್ನು ಮರಳಿ ತರಬೇಕೆಂದಿದ್ದ ಚಕ್ರವರ್ತಿ ಜೂಲಿಯನ್ 362ರಲ್ಲಿ ಗಲಾತ್ಯದ ಅರ್ಚಕನಿಗೆ ಬರೆದ ಪತ್ರದಲ್ಲಿ, ಕ್ರೈಸ್ತರು ತಮ್ಮ ಬಡವರನ್ನಲ್ಲದೆ ನಮ್ಮ ಬಡವರನ್ನೂ ಸಾಕುತ್ತಿದ್ದಾರೆ, ಇದು ನಮಗೆ ನಾಚಿಕೆಗೇಡು, ನೀನೂ ಊರೂರಲ್ಲಿ ಛತ್ರ ಕಟ್ಟಿಸು ಎಂಬ ಅರ್ಥದಲ್ಲಿ ಗೊಣಗಿದ್ದಾನೆ. ಬಾಸಿಲರು ಮಾಡಿದ್ದು ಬೇರೆ ಬೇರೆಯಾಗಿ ಇದ್ದುದನ್ನು ಒಂದೇ ಆವರಣಕ್ಕೆ ತಂದದ್ದು. ಜನ ಅದನ್ನು ಅವರ ಹೆಸರಿನಿಂದಲೇ ‘ಬಾಸಿಲಿಯಾಸ್’ ಎಂದು ಕರೆದರು.

ಅಲ್ಲಿಗೆ ಬಂದವರಲ್ಲಿ ಕುಷ್ಠರೋಗಿಗಳೂ ಇದ್ದರು. ಅವರ ಮನೆ ಹೋದದ್ದು ಬರಗಾಲದಿಂದಲ್ಲ. ರೋಗ ಕಾಣಿಸಿದ ದಿನವೇ ಹೆತ್ತವರು, ಒಡಹುಟ್ಟಿದವರು ಬಾಗಿಲು ಮುಚ್ಚಿದ್ದರು. ಊರಿನ ಬಾವಿ, ಸಂತೆ, ಚೌಕ ಎಲ್ಲಿಂದಲೂ ಅಟ್ಟಿಸಿಕೊಂಡವರು ಇವರು. ಬಾಸಿಲರು ಅವರನ್ನು ಸಹೋದರರಂತೆ ಅಪ್ಪಿ ಮುತ್ತಿಡಲು ಹಿಂಜರಿಯಲಿಲ್ಲವೆಂದು ಗ್ರೆಗೊರಿ ತಮ್ಮ ಗೆಳೆಯನ ನೆನಪಿನ ಭಾಷಣದಲ್ಲಿ ಹೇಳಿದ್ದಾರೆ. ಊರಿಂದ ಸ್ವಲ್ಪ ಆಚೆ ಹೋಗಿ ಆ ಹೊಸ ಊರನ್ನು ನೋಡಿ ಬನ್ನಿ ಎಂದು ಅವರು ಕೇಳುಗರನ್ನು ಕರೆಯುತ್ತಾರೆ. ಪಿರಮಿಡ್ಡುಗಳಂಥ ಅದ್ಭುತಗಳಿಗಿಂತ ಇದು ದೊಡ್ಡದು ಎನ್ನುತ್ತಾರೆ. ಗೆಳೆಯನ ಮಾತಿನಲ್ಲಿ ಉಬ್ಬರ ಇರಬಹುದು ಎನ್ನೋಣ. ಆದರೂ ‘ಆಸ್ಪತ್ರೆ’ ಎನ್ನದೆ ‘ಊರು’ ಎಂದು ಕರೆದದ್ದನ್ನು ಗಮನಿಸಿ.

ಬಾಸಿಲರಿಗೆ ವೈದ್ಯಶಾಸ್ತ್ರದ ಪರಿಚಯ ಚೆನ್ನಾಗಿತ್ತು. ಭಕ್ತರು ಮದ್ದು ತೆಗೆದುಕೊಳ್ಳಬಹುದೇ, ಪ್ರಾರ್ಥನೆ ಸಾಲದೇ ಎಂದು ಅಂದಿನ ಸನ್ಯಾಸಿಗಳೂ ಕೇಳಿದ್ದರು. ಬೇಸಾಯ ಹೇಗೆ ದೇವರ ಕೊಡುಗೆಯೋ ವೈದ್ಯವೂ ಹಾಗೆಯೇ ಎಂದು ಅವರು ತಮ್ಮ ನಿಯಮಗಳಲ್ಲಿ ವಿವರಿಸಿದ್ದಾರೆ. ಇಂದಿಗೂ ವಾಟ್ಸಾಪ್‌ನಲ್ಲಿ ಈ ಪ್ರಶ್ನೆ ಕೇಳುವವರಿದ್ದಾರಲ್ಲ, ಅವರಿಗೆ ಇದನ್ನು ಕಳಿಸಬಹುದು. ಇನ್ನೊಂದು ಸಂಗತಿ: ಚಕ್ರವರ್ತಿ ವಾಲೆನ್ಸ್ ಬಾಸಿಲರ ವಿಶ್ವಾಸಕ್ಕೆ ವಿರೋಧಿಯಾದ ಆರಿಯನ್ ಪಂಗಡದವನು. ಆದರೂ ಈ ಬಡವರಿಗಾಗಿ ಅವನು ಜಮೀನು ಕೊಟ್ಟನೆಂದು ಇತಿಹಾಸಕಾರ ಥಿಯೋಡೊರೆಟ್ ಬರೆದಿದ್ದಾನೆ. ಬಾಸಿಲರೂ ಅದನ್ನು ಬೇಡವೆನ್ನಲಿಲ್ಲ.

ಬಾಸಿಲರು ತೀರಿಕೊಂಡದ್ದು 379ರ ಹೊಸವರ್ಷದ ದಿನ ಎಂಬುದು ಸಂಪ್ರದಾಯ. ಊರ ಹೊರಗಿದ್ದ ಆ ಆವರಣದ ಸುತ್ತ ಕಾಲಾಂತರದಲ್ಲಿ ಜನ ನೆಲೆಸುತ್ತ ಬಂದರು, ಹಳೆಯ ಕೈಸರೈಯ ಪಾಳುಬಿದ್ದು ಊರಿನ ನಡುಭಾಗವೇ ಈ ಕಡೆ ಸರಿಯಿತು ಎನ್ನುತ್ತಾರೆ ಚರಿತ್ರೆಕಾರರು.

ಈಗ ಒಂದು ದೊಡ್ಡ ಜಿಗಿತ. ಸುಮಾರು ಒಂದು ಸಾವಿರ ವರ್ಷ ಮುಂದಕ್ಕೆ, ಬೆಲ್ಜಿಯಂ ದೇಶದ ಗೀಲ್ ಎಂಬ ಪುಟ್ಟ ಪಟ್ಟಣಕ್ಕೆ. ಬಾಸಿಲರು ಒಂದು ಊರನ್ನೇ ಕಟ್ಟಿದರೆ, ಗೀಲಿನವರು ಇದ್ದ ಊರನ್ನೇ ತೆರೆದರು. ಇಲ್ಲಿನ ಪಾಲಕಿ ಸಂತ ಡಿಂಫ್ನಾ. ಮತಿಗೆಟ್ಟ ತಂದೆಯಿಂದ ತಪ್ಪಿಸಿಕೊಂಡು ಐರ್ಲೆಂಡಿನಿಂದ ಓಡಿಬಂದು ಇಲ್ಲಿ ಅವನ ಕೈಯಲ್ಲೇ ಹತಳಾದ ರಾಜಕುಮಾರಿ ಎಂಬುದು ಐತಿಹ್ಯ. ಮನೋರೋಗಿಗಳ ಪಾಲಕಿಯೆಂದು ಅವಳ ಹೆಸರು ಹರಡಿ, ಹದಿನಾಲ್ಕನೆಯ ಶತಮಾನದಲ್ಲಿ ದೊಡ್ಡ ದೇವಾಲಯವೆದ್ದು, ದೂರದೂರದಿಂದ ಜನ ತಮ್ಮ ಮನೆಯ ರೋಗಿಗಳನ್ನು ಕರೆತರತೊಡಗಿದರು. ದೇವಾಲಯಕ್ಕೆ ತಾಗಿ ರೋಗಿಗಳ ಕೋಣೆ, ಅಲ್ಲಿ ಒಂಬತ್ತು ದಿನದ ನೊವೆನಾ. ಕೋಣೆ ತುಂಬಿದಾಗ ಗುರುಗಳು ಊರಿನವರನ್ನು, ನಿಮ್ಮ ಮನೆಯಲ್ಲಿ ಇವರನ್ನು ಇಟ್ಟುಕೊಳ್ಳುತ್ತೀರಾ ಎಂದು ಕೇಳಿದರು. ನೊವೆನಾ ಮುಗಿದರೂ ಎಷ್ಟೋ ರೋಗಿಗಳ ಮನೆಯವರು ಅವರನ್ನು ಕರೆದೊಯ್ಯಲಿಲ್ಲ. ಇಟ್ಟುಕೊಂಡ ರೈತ ಮನೆಗಳಲ್ಲೇ ಅವರು ಉಳಿದರು, ಕೆಲವರು ಜೀವಮಾನವಿಡೀ.

ಹೀಗೆ ಶುರುವಾದದ್ದು ಇಂದಿಗೂ ನಿಂತಿಲ್ಲ. ಅಲ್ಲಿ ಇವರನ್ನು ರೋಗಿ ಎನ್ನುವುದಿಲ್ಲ, ‘ಮನೆಯಲ್ಲಿ ಉಳಿದವರು’ ಎನ್ನುತ್ತಾರೆ. ಮಕ್ಕಳ ಜೊತೆ ಊಟ, ದನದ ಕೊಟ್ಟಿಗೆಯ ಕೆಲಸ, ಭಾನುವಾರ ಪೂಜೆ. ಇದನ್ನು ಸ್ವರ್ಗದಂತೆ ಬಣ್ಣಿಸುವುದೂ ತಪ್ಪು. ಹಳೆಯ ಕಾಲದಲ್ಲಿ ಕೆಲವರನ್ನು ಸಂಕೋಲೆ ಹಾಕಿ ಇಟ್ಟದ್ದುಂಟು, ಬಿಟ್ಟಿ ದುಡಿಮೆಗೆ ಬಳಸಿಕೊಂಡದ್ದುಂಟು. 1850ರಲ್ಲಿ ಸರಕಾರ ಮೇಲ್ವಿಚಾರಣೆ ವಹಿಸಿಕೊಂಡು, 1862ರಲ್ಲಿ ಅಲ್ಲೇ ಒಂದು ಚಿಕಿತ್ಸಾಲಯ ತೆರೆಯಿತು. ಅಲ್ಲಿಂದ ಮೂರು ಎಳೆಗಳೂ ಕೂಡಿದವು: ಮನೆ ಊರಿನವರದು, ವೈದ್ಯ ಆಸ್ಪತ್ರೆಯದು, ಮನೆಮನೆಗೆ ಬಂದು ವಿಚಾರಿಸುವ ದಾದಿಯರು ಇವೆರಡರ ನಡುವಿನ ಕೊಂಡಿ. ಒಬ್ಬರ ಸ್ಥಿತಿ ಕೆಟ್ಟರೆ ಕೆಲವು ದಿನ ಆಸ್ಪತ್ರೆಗೆ, ಸರಿಯಾದರೆ ಮತ್ತೆ ಅದೇ ಮನೆಯ ಅದೇ ಕೋಣೆಗೆ. 1938ರಲ್ಲಿ ಹೀಗೆ ಮನೆಗಳಲ್ಲಿ ಇದ್ದವರ ಸಂಖ್ಯೆ 3,700 ದಾಟಿತ್ತು. ಹೊಲ ಬಿಟ್ಟು ಎಲ್ಲರೂ ಕೆಲಸಕ್ಕೆ ಹೊರಗೆ ಹೋಗುವ ಕಾಲ ಬಂದು ಈಚಿನ ವರ್ಷಗಳಲ್ಲಿ ಅದು ಕೆಲವೇ ನೂರಕ್ಕೆ ಇಳಿದಿದೆ.

ಗೀಲಿಗೆ ತದ್ವಿರುದ್ಧವಾದ ದಾರಿಯನ್ನು ಪ್ಯಾರಿಸ್ ಹಿಡಿಯಿತು. ನಮ್ಮ ಚರ್ಚುಗಳಲ್ಲಿ ಸಂತ ವಿನ್ಸೆಂಟ್ ದೆ ಪಾವ್ಲರ ಹೆಸರಿನ ಸಭೆ ಇದೆಯಷ್ಟೆ. ಅದು ಹುಟ್ಟಿದ್ದು 1833ರಲ್ಲಿ, ಒಜನಾಮ್ ಮತ್ತು ಗೆಳೆಯರಿಂದ. ಆದರೆ ಈ ಮಾತು ಸಾಕ್ಷಾತ್ ವಿನ್ಸೆಂಟರ ಕಾಲದ್ದು. 1653ರಲ್ಲಿ ಅವರು ಇಪ್ಪತ್ತು ಮುದುಕರು, ಇಪ್ಪತ್ತು ಮುದುಕಿಯರಿಗಾಗಿ ‘ಯೇಸುನಾಮ’ ಎಂಬ ಆಶ್ರಯವನ್ನು ತೆರೆದರು. ಎಲ್ಲರೂ ಒಂದು ಕಾಲಕ್ಕೆ ಕಸುಬು ಬಲ್ಲವರು. ಅವರಿಗೆ ಮಗ್ಗ, ಉಪಕರಣ ಕೊಡಿಸಿದರು. ಭಗಿನಿಯರು ನೋಡಿಕೊಂಡರು. ಅದು ಎಷ್ಟು ಚೆನ್ನಾಗಿ ನಡೆಯಿತೆಂದರೆ, ಪ್ಯಾರಿಸಿನ ಶ್ರೀಮಂತ ಸ್ತ್ರೀಯರಿಗೆ ಇದೇ ರೀತಿ ಊರಿನ ಭಿಕ್ಷುಕರಿಗೆಲ್ಲ ಮಾಡಿಬಿಡೋಣ ಎಂಬ ಹುಮ್ಮಸ್ಸು ಬಂತು. ವಿನ್ಸೆಂಟರು ನಿಧಾನ, ಮೊದಲು ಸ್ವಲ್ಪ ಜನರಿಂದ ಶುರುಮಾಡೋಣ, ಇಷ್ಟಪಟ್ಟು ಬರುವವರನ್ನಷ್ಟೇ ಸೇರಿಸೋಣ ಎಂಬ ಪಕ್ಷದವರು. ಅಷ್ಟರಲ್ಲಿ ಅರಮನೆ ಮುಂದೆ ಬಂದು, 1656ರಲ್ಲಿ ರಾಜಾಜ್ಞೆಯಿಂದ ‘ಸಾರ್ವತ್ರಿಕ ಆಸ್ಪತ್ರೆ’ ಸ್ಥಾಪನೆಯಾಯಿತು. ಹೆಸರಷ್ಟೇ ಆಸ್ಪತ್ರೆ. ಬೀದಿಯಲ್ಲಿ ಬೇಡುವುದನ್ನು ನಿಷೇಧಿಸಿ, ಸಿಕ್ಕವರನ್ನು ಹಿಡಿದು ಒಳಗೆ ಹಾಕುವ ಜಾಗ ಅದು. ಸೂರು ಇತ್ತು, ಊಟ ಇತ್ತು, ಕೆಲಸವೂ ಇತ್ತು, ಬಾಗಿಲಿಗೆ ಬೀಗವೂ ಇತ್ತು. ಅಲ್ಲಿನ ಗುರುಸೇವೆಯನ್ನು ತಮ್ಮ ಸಭೆ ವಹಿಸಿಕೊಳ್ಳುವುದಿಲ್ಲವೆಂದು ವಿನ್ಸೆಂಟರು ಹಿಂದೆ ಸರಿದರು.

ಬೀಗದ ಈ ವಿಚಾರವನ್ನು ನೆನಪಿಟ್ಟುಕೊಂಡೇ ನಮ್ಮ ಪಕ್ಕದ ಕಂಕನಾಡಿಗೆ ಬರಬೇಕು. ಕಾಸರಗೋಡಿನವರಿಗೆ ಕಂಕನಾಡಿ ಎಂದರೆ ಫಾದರ್ ಮುಲ್ಲರ್ ಆಸ್ಪತ್ರೆ. ನಮ್ಮಲ್ಲಿ ಎಷ್ಟೋ ಮಂದಿ ಹುಟ್ಟಿದ್ದೇ ಅಲ್ಲಿ. ಜರ್ಮನಿಯಲ್ಲಿ 1841ರಲ್ಲಿ ಹುಟ್ಟಿದ ಯೇಸುಸಭೆಯ ಆಗಸ್ಟಸ್ ಮುಲ್ಲರ್ 1878ರ ಕೊನೆಗೆ ಮಂಗಳೂರಿಗೆ ಬಂದರು. 1880ರಲ್ಲಿ ಬಡವರಿಗೆ ಹೋಮಿಯೋಪತಿ ಔಷಧ ಕೊಡಲು ಶುರುಮಾಡಿದರು, ಆಲದ ಮರದ ಕೆಳಗೆ ಎಂದು ಹಿರಿಯರು ಹೇಳುವುದುಂಟು. ಔಷಧ ಕೇಳಿ ಬಂದವರಲ್ಲಿ ಕುಷ್ಠರೋಗಿಗಳಿಗೆ ಔಷಧ ಕೈಗಿಟ್ಟು ಕಳಿಸಿದರೆ ಅವರು ಹೋಗುವುದಾದರೂ ಎಲ್ಲಿಗೆ? 1890ರಲ್ಲಿ ಅವರಿಗಾಗಿ ಸಂತ ಜೋಸೆಫರ ಹೆಸರಿನ ಆಶ್ರಯಧಾಮ ಎದ್ದಿತು. 1902ರಲ್ಲಿ ಪ್ಲೇಗ್ ಬಂದಾಗ ಅದಕ್ಕೂ ಬೇರೆ ಆಸ್ಪತ್ರೆ ಕಟ್ಟಿದರು. 1910ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ದಿನ, ಅವರು ತೀರಿಕೊಂಡರು.

ಆ ಕಾಲಕ್ಕೆ ಕುಷ್ಠಕ್ಕೆ ಗುಣವಾಗುವ ಮದ್ದೇ ಇರಲಿಲ್ಲ. ಹಾಗಾಗಿ ಅಂಥ ಧಾಮಗಳಲ್ಲಿ ನಿಜವಾದ ಮದ್ದೆಂದರೆ ಮನೆ, ಊಟ, ಗಾಯ ತೊಳೆಯುವ ಕೈ. ಇದೇ ಹೊತ್ತಿಗೆ 1898ರಲ್ಲಿ ಬ್ರಿಟಿಷ್ ಸರಕಾರ ಕುಷ್ಠರೋಗಿಗಳ ಕಾಯಿದೆ ತಂದು, ದಿಕ್ಕಿಲ್ಲದ ಕುಷ್ಠರೋಗಿಗಳನ್ನು ಪೊಲೀಸರು ಹಿಡಿದು ಧಾಮಗಳಿಗೆ ಒಪ್ಪಿಸಲು ಅವಕಾಶ ಮಾಡಿತು. ಅಂದರೆ ಕರುಣೆಯಿಂದ ಕಟ್ಟಿದ ಮನೆಗಳು ಕಾನೂನಿನ ಕಣ್ಣಿಗೆ ಸೆರೆಮನೆಗಳೂ ಆದವು. ಆ ಕಾಯಿದೆ ಪುಸ್ತಕದಿಂದ ಪೂರ್ತಿ ಹೋದದ್ದು 2016ರಲ್ಲಿ! ಅದಕ್ಕೂ ಬಹಳ ಮೊದಲೇ, 1980ರ ದಶಕದಲ್ಲಿ, ಬಹುಔಷಧ ಚಿಕಿತ್ಸೆ ಬಂದು ಕುಷ್ಠ ಪೂರ್ತಿ ವಾಸಿಯಾಗತೊಡಗಿತ್ತು. ವಾಸಿಯಾದ ಎಷ್ಟೋ ಜನ ದೇಶದಾದ್ಯಂತ ಧಾಮಗಳಲ್ಲೇ ಉಳಿದರು. ಊರಿನಲ್ಲಿ ಅವರ ಜಾಗ ಯಾವಾಗಲೋ ತುಂಬಿಹೋಗಿತ್ತು. ಇಂಥ ಧಾಮಗಳನ್ನು ಕಟ್ಟಿದವರ ಮೇಲೆ ನನಗೆ ಅಪಾರ ಗೌರವವಿದೆ. ಆದರೂ ಗೋಡೆಯ ಒಳಗಿನ ಮನೆಗೂ ನೆರೆಹೊರೆಯ ನಡುವಿನ ಮನೆಗೂ ವ್ಯತ್ಯಾಸವಿದೆ ಎಂಬುದನ್ನು ಒಪ್ಪಿಕೊಳ್ಳಬೇಕು.

ಇಪ್ಪತ್ತನೆಯ ಶತಮಾನದ ಕೊನೆಗೆ ಈ ವ್ಯತ್ಯಾಸ ಮತ್ತೆ ಚರ್ಚೆಗೆ ಬಂದದ್ದು ಶ್ರೀಮಂತ ದೇಶಗಳ ಬೀದಿಗಳಿಂದ. ಅಮೆರಿಕದಲ್ಲಿ ದೊಡ್ಡ ಮಾನಸಿಕ ಆಸ್ಪತ್ರೆಗಳನ್ನು ಖಾಲಿ ಮಾಡಿ ರೋಗಿಗಳನ್ನು ಹೊರಗೆ ಬಿಟ್ಟಿದ್ದರು. ಹೊರಗೆ ಅವರನ್ನು ನೋಡಿಕೊಳ್ಳುವ ಏರ್ಪಾಡು ಬೇಕಾದಷ್ಟು ಬರಲಿಲ್ಲ. ಬಾಡಿಗೆ ಏರಿತು. ಜನ ಪಾದಚಾರಿ ಮಾರ್ಗಕ್ಕೆ ಬಂದರು. 1985ರಲ್ಲಿ ಬೋಸ್ಟನ್ನಿನ ಪೈನ್ ಸ್ಟ್ರೀಟ್ ಇನ್ ಎಂಬ ರಾತ್ರಿ ಆಶ್ರಯಕ್ಕೆ ಜಿಮ್ ಓಕಾನಲ್ ಎಂಬ ಯುವ ಡಾಕ್ಟರು, ಒಂದು ವರ್ಷ ಸೇವೆ ಮಾಡಿ ಹೋಗೋಣವೆಂದು ಬಂದರು. ಅಲ್ಲಿನ ನರ್ಸ್ ಬಾರ್ಬರಾ ಮ್ಯಾಕಿನ್ನಿಸ್, ಫ್ರಾನ್ಸಿಸ್ಕನ್ ಮೂರನೆಯ ಸಭೆಗೆ ಸೇರಿದವರು. ಅವರು ಡಾಕ್ಟರ ಸ್ಟೆತೊಸ್ಕೋಪನ್ನು ಬದಿಗಿಡಿಸಿ, ನೀರು ತುಂಬಿದ ಬೋಗುಣಿ ಕೊಟ್ಟು, ಮೊದಲು ಇವರ ಕಾಲು ತೊಳೆಯಿರಿ ಎಂದರು. ದಿನವಿಡೀ ನಡೆದು ಹುಣ್ಣಾದ ಕಾಲುಗಳು. ಡಾಕ್ಟರನ್ನು ನಂಬದವರು ಕಾಲು ತೊಳೆದವರನ್ನು ನಂಬುತ್ತಾರೆ ಎಂಬುದು ಅವರ ಲೆಕ್ಕ. ಒಂದು ವರ್ಷಕ್ಕೆಂದು ಬಂದವರು ದಶಕಗಳ ಕಾಲ ಅಲ್ಲೇ ಉಳಿದರು. ಆಸ್ಪತ್ರೆ ಇಟ್ಟುಕೊಳ್ಳದಷ್ಟು ವಾಸಿಯಾದ, ಬೀದಿಗೆ ಬಿಡಲಾಗದಷ್ಟು ನಿತ್ರಾಣರಾದವರಿಗೆ ಅವರು ಹಾಸಿಗೆಗಳ ಒಂದು ಮನೆ ಮಾಡಿದರು. ಇಂದು ಅದಕ್ಕೆ ಬಾರ್ಬರಾ ಅವರದೇ ಹೆಸರು.

ನ್ಯೂಯಾರ್ಕಿನಲ್ಲಿ 1992ರಲ್ಲಿ ಸ್ಯಾಮ್ ಟ್ಸೆಂಬೆರಿಸ್ ಎಂಬ ಮನಶ್ಶಾಸ್ತ್ರಜ್ಞರು ಇನ್ನೂ ಮುಂದಕ್ಕೆ ಹೋದರು. ಅಲ್ಲಿಯವರೆಗಿನ ಪದ್ಧತಿ ಹೀಗಿತ್ತು: ಮೊದಲು ಕುಡಿತ ಬಿಡು, ಮಾತ್ರೆ ಸರಿಯಾಗಿ ನುಂಗು, ನಡತೆ ತೋರಿಸು, ಆಮೇಲೆ ಮನೆ. ಬೀದಿಯಲ್ಲಿದ್ದುಕೊಂಡು ಇದನ್ನೆಲ್ಲ ಮಾಡಿ ತೋರಿಸುವುದು ಯಾರಿಂದ ಸಾಧ್ಯ? ಅವರು ಮೊದಲಿಗೇ ಬೀಗದ ಕೈ ಕೊಟ್ಟರು. ಮನೆ ಕೊಟ್ಟಮೇಲೆ ವೈದ್ಯರು, ನರ್ಸ್, ಸಮಾಜಸೇವಕರು ಇದ್ದ ತಂಡ ಮನೆಗೇ ಹೋಗುತ್ತಿತ್ತು. ಕೆನಡಾ ಸರಕಾರ 2009ರಿಂದ 2013ರವರೆಗೆ ಐದು ಊರುಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನರ ನಡುವೆ ಇದನ್ನು ಪರೀಕ್ಷಿಸಿ ನೋಡಿತು. ಮೊದಲು ಮನೆ ಪಡೆದವರು ಎರಡು ವರ್ಷದಲ್ಲಿ ಸರಾಸರಿ ನೂರಕ್ಕೆ 73ರಷ್ಟು ಕಾಲ ಸ್ಥಿರವಾದ ಮನೆಯಲ್ಲಿದ್ದರು. ಹಳೆಯ ಪದ್ಧತಿಯಲ್ಲಿ ಉಳಿದವರು ನೂರಕ್ಕೆ 32ರಷ್ಟು ಕಾಲ. ಅದೇ ಪರೀಕ್ಷೆಯಲ್ಲಿ ಮಾನಸಿಕ ರೋಗದ ಲಕ್ಷಣಗಳು ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ ಸಮನಾಗಿ ಇಳಿದವು. ಹಾಗಾದರೆ ಮನೆ ತಾನೇ ರೋಗ ವಾಸಿಮಾಡುವುದಿಲ್ಲ. ಚಿಕಿತ್ಸೆ ಮಾಡುವವರು ಬಂದು ಬಾಗಿಲು ತಟ್ಟುವುದಕ್ಕೆ ಬಾಗಿಲೊಂದನ್ನು ಕೊಡುತ್ತದೆ.

ಕೇರಳದಲ್ಲಿರುವ ನಮಗೆ ಇದನ್ನು ಅರ್ಥಮಾಡಿಕೊಳ್ಳಲು ಕೆನಡಾದವರೆಗೆ ಹೋಗಬೇಕಾಗಿಯೂ ಇಲ್ಲ. ನಮ್ಮ ರಾಜ್ಯ 2008ರಲ್ಲೇ ಪಾಲಿಯೇಟಿವ್ ಕೇರ್ ನೀತಿ ತಂದಿತು. ಪಂಚಾಯತಿನ ಪಾಲಿಯೇಟಿವ್ ನರ್ಸ್ ಹಾಸಿಗೆ ಹಿಡಿದ ಅಜ್ಜಿಯ ಮನೆಗೆ ಬಂದು ಗಾಯ ತೊಳೆದು, ಟ್ಯೂಬ್ ಬದಲಿಸಿ, ಮನೆಯವರಿಗೆ ಧೈರ್ಯ ಹೇಳಿ ಹೋಗುವುದು ನಮಗೆ ಪರಿಚಿತ ದೃಶ್ಯ. ಎಲ್ಲ ಸರಿ, ಆ ನರ್ಸಿಗೆ ಹೋಗಲು ಒಂದು ವಿಳಾಸ ಬೇಕು. ರೈಲ್ವೇ ಸ್ಟೇಷನ್ನಿನ ಬೆಂಚಿಗೆ ವಾರ್ಡೂ ಇಲ್ಲ, ಮನೆ ನಂಬರೂ ಇಲ್ಲ.

ನಮ್ಮ ದೇಶದಲ್ಲಿ ಈ ದಾರಿ ಹಿಡಿದವರಲ್ಲಿ ಚೆನ್ನೈಯ ‘ದಿ ಬನ್ಯನ್’ ಮುಖ್ಯವಾದುದು. ವಂದನಾ ಗೋಪಿಕುಮಾರ್ ಮತ್ತು ವೈಷ್ಣವಿ ಜಯಕುಮಾರ್ ಎಂಬ ಇಬ್ಬರು ಯುವತಿಯರು 1993ರಲ್ಲಿ, ಮನೋರೋಗದಿಂದ ಬೀದಿಪಾಲಾದ ಹೆಂಗಸರಿಗಾಗಿ ಅದನ್ನು ಆರಂಭಿಸಿದರು. ಚಿಕಿತ್ಸೆ ಆಯಿತು, ಎಷ್ಟೋ ಮಂದಿ ಮನೆಗೆ ಮರಳಿದರು. ಮರಳಲಾರದವರು, ಮರಳಲು ಮನೆಯೇ ಇಲ್ಲದವರು ಉಳಿದರು. ಕೈಸರೈಯದಲ್ಲಿ ಮಳೆ ಬಂದ ಮೇಲೂ ಉಳಿದವರ ಹಾಗೆ. 2015ರಿಂದ ಅವರು ‘ಹೋಮ್ ಎಗೇನ್’ ಎಂಬ ಹೆಸರಿನಲ್ಲಿ ಸಾಮಾನ್ಯ ಬೀದಿಗಳಲ್ಲಿ ಬಾಡಿಗೆ ಮನೆ ಹಿಡಿದು, ನಾಲ್ಕೈದು ಹೆಂಗಸರು ಒಂದು ಕುಟುಂಬದಂತೆ ಇರುವ ಏರ್ಪಾಡು ಮಾಡಿದರು. ಜೊತೆಗೆ ಒಬ್ಬ ಸಹಾಯಕಿ. ಇಂದು ಏನು ಅಡುಗೆ, ಯಾರು ಸಂತೆಗೆ ಹೋಗುವುದು ಎಂಬುದೆಲ್ಲ ಅವರದೇ ತೀರ್ಮಾನ. ಕೇರಳದಲ್ಲೂ ಇಂಥ ಮನೆಗಳು ನಡೆದಿವೆ.

ಮುಂಬೈಯ ಭರತ್ ವಟವಾನಿ ಮತ್ತು ಸ್ಮಿತಾ ವಟವಾನಿ ಎಂಬ ಮನೋವೈದ್ಯ ದಂಪತಿ 1988ರಿಂದ ನಡೆಸುವ ‘ಶ್ರದ್ಧಾ’ ಇನ್ನೊಂದು ಬಗೆಯದು. ಬೀದಿಯಿಂದ ಕರೆತಂದು ಕರ್ಜತ್‌ನಲ್ಲಿ ಚಿಕಿತ್ಸೆ ಮಾಡಿ, ಊರು ಪತ್ತೆಹಚ್ಚಿ ಮನೆ ಮುಟ್ಟಿಸುತ್ತಾರೆ. ಆ ಕೆಲಸಕ್ಕೆ 2018ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ನಮ್ಮ ಮಂಜೇಶ್ವರದ ಪಾವೂರಿನಲ್ಲಿ ಜೋಸೆಫ್ ಕ್ರಾಸ್ತಾ ಅವರು 2009ರಲ್ಲಿ ಆರಂಭಿಸಿದ ಸ್ನೇಹಾಲಯ ಇದೇ ಸಾಲಿಗೆ ಸೇರುವಂಥದು. ಕ್ರಿಸ್ಮಸ್ ಸಮಯಕ್ಕೆ ಅಕ್ಕಿ, ಬಟ್ಟೆ ಕೊಂಡುಹೋಗಿ ಫೋಟೋ ತೆಗೆಸಿಕೊಂಡು ಬರುವುದಷ್ಟೇ ಇಂಥ ಜಾಗಗಳ ಜೊತೆಗಿನ ಸಂಬಂಧವಾಗಬಾರದು. ಊರು ಪತ್ತೆಹಚ್ಚುವ ಕೆಲಸದಲ್ಲಿ ಭಾಷೆ ದೊಡ್ಡ ಕೀಲಿ. ಗಡಿಯ ಈ ಸಪ್ತಭಾಷೆಯ ನಾಡಿನಲ್ಲಿ ಕನ್ನಡ, ತುಳು, ಕೊಂಕಣಿ, ಮಲಯಾಳ ನಾಲ್ಕನ್ನೂ ಮನೆಯಲ್ಲೇ ಕಲಿತ ಯುವಜನರು ನಾವು. ಬಳ್ಳಾರಿ ಕಡೆಯ ಒಬ್ಬಾಕೆ ರೈಲಿನಲ್ಲಿ ತಪ್ಪಿ ಇಲ್ಲಿಗೆ ಬಂದು, ಪಾಲಕ್ಕಾಡಿನ ನರ್ಸಿನ ಮುಂದೆ ಕುಳಿತರೆ, ಆಕೆ ಹೇಳುವ ಹಳ್ಳಿಯ ಹೆಸರನ್ನು ಸರಿಯಾಗಿ ಕೇಳಿಸಿಕೊಳ್ಳುವ ಕಿವಿ ನಮ್ಮದಾಗಬಹುದು.

ಕಾನೂನು ಈಗ ನಮ್ಮ ಪಕ್ಷದಲ್ಲಿದೆ. 2017ರ ಮಾನಸಿಕ ಆರೋಗ್ಯ ಕಾಯಿದೆಯ ಪ್ರಕಾರ, ಕುಟುಂಬವಿಲ್ಲ, ಮನೆಯವರು ಒಪ್ಪುತ್ತಿಲ್ಲ, ಮನೆಯೇ ಇಲ್ಲ ಎಂಬ ಕಾರಣಕ್ಕೆ ಮಾತ್ರ ಯಾರನ್ನೂ ಆಸ್ಪತ್ರೆಯಲ್ಲಿ ಉಳಿಸಿಕೊಳ್ಳುವಂತಿಲ್ಲ. ಅವರಿಗೆ ಸಮಾಜದ ನಡುವೆ ಬದುಕುವ ಹಕ್ಕಿದೆ. ಆಶ್ರಯದ ಮನೆಗಳನ್ನು ಒದಗಿಸುವುದು ಸರಕಾರದ ಹೊಣೆ. ಆದರೆ ಹಣ ಮಂಜೂರಾದರೂ, ನರ್ಸ್ ಸಿದ್ಧವಿದ್ದರೂ, ಕೊನೆಗೆ ಯಾರೋ ಒಬ್ಬರು ಮನೆ ಬಾಡಿಗೆಗೆ ಕೊಡಬೇಕು, ಪಕ್ಕದ ಮನೆಯವರು ತಕರಾರು ಎತ್ತದೆ ಇರಬೇಕು. ಗೀಲಿನ ರೈತರು ಕೊಟ್ಟದ್ದು ಅದನ್ನೇ, ಒಂದು ಕೋಣೆ ಮತ್ತು ಊಟದ ಮೇಜಿನಲ್ಲಿ ಒಂದು ಕುರ್ಚಿ. ನಮ್ಮ ಊರುಗಳಲ್ಲಿ ಮಕ್ಕಳು ಕೊಲ್ಲಿಗೋ ಬೆಂಗಳೂರಿಗೋ ಹೋಗಿ, ಬೀಗ ಜಡಿದು ವರ್ಷಗಟ್ಟಲೆ ಖಾಲಿ ಬಿದ್ದ ಮನೆಗಳು ಪ್ರತಿ ವಾರ್ಡಿನಲ್ಲೂ ಇವೆ. ವಿನ್ಸೆಂಟ್ ದೆ ಪಾವ್ಲ್ ಸಭೆಯವರ ಮುಂದಿನ ಬೈಠಕ್ಕಿನಲ್ಲಿ ಅವುಗಳ ಒಂದು ಪಟ್ಟಿ ಮಾಡೋಣವೇ? ಮಾಲೀಕರ ಜೊತೆ ಫೋನಿನಲ್ಲಿ ಮಾತನಾಡುವ ಕೆಲಸವನ್ನು ಯುವಜನರು ವಹಿಸಿಕೊಳ್ಳಬಹುದು.